ನೈತಿಕ ಸ್ಥೈರ್ಯ ಎಂಬ ಗುರಾಣಿ

ಲಾಕಪ್ಪಿನಲ್ಲಿ ಒಬ್ಬ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂದರೆ ಸಾಕು, ಬೆನ್ನಿಗೇ ಒಂದು ಹೇಳಿಕೆ ಹೊರಬೀಳುತ್ತದೆ: ಇಂತಹ ಟೀಕೆಗಳಿಂದ ಪೊಲೀಸರ ನೈತಿಕ ಸ್ಥೈರ್ಯ ಕುಗ್ಗುತ್ತದೆ! ಸಚಿವರು ಬದಲಾಗುತ್ತಾರೆ, ಪಕ್ಷಗಳು ಬದಲಾಗುತ್ತವೆ, ಈ ವಾಕ್ಯ ಮಾತ್ರ ಬದಲಾಗುವುದಿಲ್ಲ. ಸತ್ತವನ ಹೆಂಡತಿ ಮಕ್ಕಳ ಸ್ಥೈರ್ಯದ ಗತಿಯೇನು ಎಂದು ಕೇಳುವವರಿಲ್ಲ.

ಪೊಲೀಸರ ಸ್ಥೈರ್ಯದ ಮೇಲೆ ಇವರಿಗೆ ನಿಜಕ್ಕೂ ಅಷ್ಟು ಕಾಳಜಿಯೇ? 2016ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ಕಡಿಮೆ ಸಂಬಳ, ರಜೆಯಿಲ್ಲದ ದುಡಿಮೆ, ಸಾಹೇಬರ ಮನೆಯ ಆರ್ಡರ್ಲಿ ಚಾಕರಿ ಇವುಗಳಿಂದ ಬೇಸತ್ತ ನಮ್ಮ ರಾಜ್ಯದ ಪೇದೆಗಳು 4ರಂದು ಸಾಮೂಹಿಕ ರಜೆ ಹಾಕಲು ಹೊರಟರು. ಸರಕಾರ ಎಸ್ಮಾ ಹೇರಿತು. ಮುಂದಾಳನ್ನು ರಾಜದ್ರೋಹದ ಆರೋಪದಲ್ಲಿ ಬಂಧಿಸಿತು. ಆಗ ಬಳಕೆಗೆ ಬಂದ ಪದ ಸ್ಥೈರ್ಯವಲ್ಲ, ಶಿಸ್ತು. ಪೇದೆ ರಜೆ ಕೇಳಿದರೆ ಅಶಿಸ್ತು. ಲಾಠಿಯಿಂದ ಬಡಿದವನನ್ನು ಜನ ಪ್ರಶ್ನಿಸಿದರೆ ಸ್ಥೈರ್ಯಭಂಗ. ಎಂಥ ನ್ಯಾಯ!

1966ರ ಕೇಂದ್ರ ಕಾಯ್ದೆಯೊಂದು, ಪೊಲೀಸರು ಅನುಮತಿಯಿಲ್ಲದೆ ಸಂಘ ಕಟ್ಟುವುದಕ್ಕೂ ಪತ್ರಿಕೆಗಳೊಂದಿಗೆ ಮಾತನಾಡುವುದಕ್ಕೂ ತಡೆ ಹಾಕಿದೆ. ಅಪ್ಪಟ ಸಾಹಿತ್ಯಕ್ಕೆ ವಿನಾಯಿತಿ ಇದೆ. ಅಂದರೆ ಪೇದೆ ಕಥೆ ಬರೆಯಬಹುದು, ವ್ಯಥೆ ಬರೆಯುವಂತಿಲ್ಲ. ಕಥೆಗಾರನಾದ ನನಗೆ ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಿಜವಾದ ನೈತಿಕ ಸ್ಥೈರ್ಯ ಹೇಗಿರುತ್ತದೆಂದು ನೋಡಬೇಕಾದರೆ ತಮಿಳುನಾಡಿನ ಸಾತ್ತಾನ್‌ಕುಳಂಗೆ ಹೋಗಬೇಕು. 2020ರ ಜೂನ್‌ನಲ್ಲಿ, ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟರೆಂಬ ಆರೋಪದ ಮೇಲೆ ಜಯರಾಜ್ ಮತ್ತು ಅವರ ಮಗ ಬೆನ್ನಿಕ್ಸ್‌ರನ್ನು ಬಂಧಿಸಿದರು. ಕೆಲವೇ ದಿನಗಳಲ್ಲಿ ಇಬ್ಬರೂ ಹೆಣವಾದರು. ಅವರು ನೆಲದಲ್ಲಿ ಹೊರಳಾಡಿ ತಾವೇ ಗಾಯ ಮಾಡಿಕೊಂಡರೆಂದು ಎಫ್‌ಐಆರ್ ಹೇಳಿತ್ತು. ಆ ಸುಳ್ಳಿನ ಮುಸುಕು ಸರಿಸಿದವರಲ್ಲಿ ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದರು. ತಾನು ಕಂಡದ್ದನ್ನು ಅವರು ಮ್ಯಾಜಿಸ್ಟ್ರೇಟರ ಮುಂದೆ ನುಡಿದರು. ಆಕೆಗೆ ರಕ್ಷಣೆ ಕೊಡಿ ಎಂದು ಹೈಕೋರ್ಟು ಆದೇಶಿಸಬೇಕಾಯಿತು. ರಕ್ಷಣೆ ಯಾರಿಂದ? ಇಲಾಖೆಯ ಮಾನ ಉಳಿಸಿದವರು ಆಕೆಯೋ, ಸುಳ್ಳು ಎಫ್‌ಐಆರ್ ಬರೆದವರೋ?

ನಮ್ಮ ಪತ್ರಿಕೆ, ಚಾನೆಲ್‌ಗಳೂ ಕೈ ತೊಳೆದುಕೊಳ್ಳುವಂತಿಲ್ಲ. ಮೊದಲ ದಿನ 'ಪೊಲೀಸ್ ಮೂಲಗಳ' ಕಥೆಯನ್ನೇ ಅಚ್ಚು ಹಾಕುತ್ತಾರೆ. ಬಂಧಿತನ ಹೆಸರು ನಮ್ಮವರದ್ದಾದರೆ ಆರೋಪವೇ ತೀರ್ಪಾಗಿ ಬಿಡುತ್ತದೆ. ಗಲಾಟೆಯಾದರೆ 'ಇಬ್ಬರು ಪೇದೆಗಳ ಅಮಾನತು' ಎಂಬ ತಲೆಬರಹ. ಅಲ್ಲಿಗೆ ಸುದ್ದಿ ಸತ್ತಿತು. ಅಮಾನತು ಶಿಕ್ಷೆಯಲ್ಲ, ಆ ಅವಧಿಯಲ್ಲೂ ಜೀವನಾಧಾರ ಭತ್ಯೆ ಸಿಗುತ್ತದೆ. ಇಲಾಖಾ ವಿಚಾರಣೆ ಏನಾಯಿತು? ಆದೇಶ ಕೊಟ್ಟ ಮೇಲಧಿಕಾರಿ ಎಲ್ಲಿದ್ದಾನೆ? ಆರು ತಿಂಗಳ ನಂತರ ಹೋಗಿ ಕೇಳುವ ವರದಿಗಾರರು ಎಷ್ಟು ಮಂದಿ?

ಪ್ರತಿ ರಾಜ್ಯದಲ್ಲೂ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿತು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು 2020ರಲ್ಲಿ ಹೇಳಿತು. ನಿಮ್ಮ ಜಿಲ್ಲೆಯ ಪ್ರಾಧಿಕಾರದ ವಿಳಾಸ ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಕೇಳಿ. ಪೇದೆಗೆ ವಾರದ ರಜೆ ಕೊಡಿ ಎಂದೂ ಅದೇ ಉಸಿರಿನಲ್ಲಿ ಕೇಳಿ. ಸ್ಥೈರ್ಯ ಬೆಳೆಯುವುದು ನ್ಯಾಯದಿಂದ. ತಪ್ಪು ಮುಚ್ಚಿಟ್ಟರೆ ಬೆಳೆಯುವುದು ದರ್ಪ ಮಾತ್ರ.