ಸಾಯುವ ಮೊದಲೂ ಅವಳಿಗೊಂದು ಕಥೆಯಿತ್ತು



ಪತ್ತೇದಾರಿ ಧಾರಾವಾಹಿಗಳಲ್ಲಿ ಹೆಂಗಸಿನ ಹೆಣ ಸಿಕ್ಕ ಮೇಲೆ ಕಥೆ ಶುರುವಾಗುತ್ತದೆ, ಕೊಂದವನು ಸಿಕ್ಕ ಕೂಡಲೇ ಮುಗಿಯುತ್ತದೆ. ಬದುಕಿದ್ದಾಗ ಅವಳು ಪಟ್ಟ ಪಾಡನ್ನು ಕೇಳುವವರಿಲ್ಲ. ಬಿಬಿಸಿಯ ‘ಹ್ಯಾಪಿ ವ್ಯಾಲಿ’ ಧಾರಾವಾಹಿಯ ಮೂರನೆಯ ಭಾಗವನ್ನು ಈಚೆಗೆ ಮತ್ತೊಮ್ಮೆ ನೋಡಿದಾಗ ಇದನ್ನು ನಿಮ್ಮೊಡನೆ ಹೇಳಿಕೊಳ್ಳಬೇಕೆನಿಸಿತು.

ಸ್ಯಾಲಿ ವೈನ್‌ರೈಟ್ ಎಂಬ ಲೇಖಕಿ ಬರೆದ ಈ ಧಾರಾವಾಹಿ 2014ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಪೊಲೀಸ್ ಸಾರ್ಜೆಂಟ್ ಕ್ಯಾಥರಿನ್ ಇದರ ನಾಯಕಿ. ಅತ್ಯಾಚಾರಕ್ಕೊಳಗಾದ ಮಗಳು ಪ್ರಾಣ ಕಳೆದುಕೊಂಡ ಮೇಲೆ ಮೊಮ್ಮಗನನ್ನು ಸಾಕಿದ ಗಟ್ಟಿಗಿತ್ತಿ. ಆ ಅತ್ಯಾಚಾರಿಯನ್ನು ಅವಳು ಎದುರಿಸುವ ಕಡೆಯ ಕಂತನ್ನು ಎಲ್ಲರೂ ಮೆಚ್ಚಿದರು. ಮೆಚ್ಚಬೇಕಾದದ್ದೇ.

ಆದರೆ ಅದೇ ಭಾಗದಲ್ಲಿ ಜೊಆನಾ ಇದ್ದಾಳೆ, ಇಬ್ಬರು ಹೆಣ್ಣುಮಕ್ಕಳ ತಾಯಿ. ಗಂಡ ರಾಬ್ ಶಾಲೆಯಲ್ಲಿ ಆಟದ ಮೇಷ್ಟ್ರು. ಊರಿಗೆ ಮರ್ಯಾದಸ್ಥ, ಹೆಂಡತಿಗೆ ಜೈಲಿನ ಕಾವಲುಗಾರ. ಹಿಂಸೆ ತಡೆಯಲಾರದೆ ಅವಳು ಮಾತ್ರೆಗಳಿಗೆ ದಾಸಿಯಾಗುತ್ತಾಳೆ. ಅವನ್ನು ಕದ್ದು ಮಾರುವವನು ಹತ್ತಿರದಲ್ಲೇ ಇರುವ ಔಷಧದಂಗಡಿಯವನು. ಕಡೆಗೆ ಅವನ ಕೈಯಲ್ಲೇ ಅವಳು ಸಾಯುತ್ತಾಳೆ. ಪೊಲೀಸರು ಮೊದಲು ಹಿಡಿಯುವುದು ಗಂಡನನ್ನು. ನಿಜವಾದ ಕೊಲೆಗಾರನ ಸುಳಿವು ಕಡೆಯ ಕಂತಿನಲ್ಲಿ ನಾಲ್ಕು ಮಾತಿನಲ್ಲಿ ಬಂದು ಹೋಗುತ್ತದೆ.

ಕೊಂದವನು ಗಂಡನಲ್ಲ, ಸರಿ. ಹಾಗೆಂದು ಅವನು ನಿರಪರಾಧಿಯೇ? ಅವಳನ್ನು ಆ ಅಂಗಡಿಯವನ ಬಾಗಿಲಿಗೆ ದೂಡಿದವರು ಯಾರು? ಗಂಡ ಅಥವಾ ಹೆಂಡತಿ ಇನ್ನೊಬ್ಬರನ್ನು ಹೀಗೆ ಸತತವಾಗಿ ಹೆದರಿಸಿ ಹತೋಟಿಯಲ್ಲಿಡುವುದನ್ನೇ ಇಂಗ್ಲೆಂಡ್ 2015ರ ಕಾನೂನಿನಲ್ಲಿ ಅಪರಾಧವೆಂದಿತು. 5 ವರ್ಷದವರೆಗೆ ಶಿಕ್ಷೆಯುಂಟು. ಮೈಮೇಲೆ ಗಾಯವಿರಲೇಬೇಕೆಂದಿಲ್ಲ.

ನಮ್ಮಲ್ಲೂ ದಾರಿಯಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೊಡೆತವನ್ನಷ್ಟೇ ದೌರ್ಜನ್ಯ ಎನ್ನುವುದಿಲ್ಲ. ಹೀಯಾಳಿಕೆ, ಬೆದರಿಕೆ, ವರದಕ್ಷಿಣೆಯ ಪೀಡೆ, ಖರ್ಚಿಗೆ ಕೊಡದಿರುವುದು, ಅವಳ ದುಡಿಮೆಯ ಹಣ ಕಿತ್ತುಕೊಳ್ಳುವುದು, ಎಲ್ಲವೂ ಅದರಲ್ಲಿ ಸೇರಿವೆ. ಇನ್ನೂ ಮುಖ್ಯವಾದದ್ದು ಅದರ 4ನೆಯ ಕಲಮು: ನೊಂದವಳೇ ಹೋಗಬೇಕೆಂದಿಲ್ಲ, ವಿಷಯ ತಿಳಿದ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 181ಕ್ಕೆ ಫೋನ್ ಮಾಡಿದರೂ ಆದೀತು.

ವಾರದ ಸಭೆಯಲ್ಲಿ ನಾವು ಉಳಿತಾಯದ ಲೆಕ್ಕ ಬರೆಯುತ್ತೇವೆ. ಎರಡು ವಾರದಿಂದ ಬಾರದವಳು ಯಾಕೆ ಬರಲಿಲ್ಲ? ಸಾಲದ ಹಣ ಯಾರ ಕೈ ಸೇರಿತು? ಗಂಡ ಬಾಗಿಲಲ್ಲಿ ನಿಂತರೆ ಮಾತು ನಿಲ್ಲಿಸುವವಳು ಯಾರು? ಈ ಲೆಕ್ಕವನ್ನೂ ಇಡೋಣ. ‘ಅದು ಅವರ ಮನೆ ವಿಷಯ’ ಎಂದು ಸುಮ್ಮನಿರುವುದು ಬೇಡ. ಇಬ್ಬರು ಜೊತೆಯಾಗಿ ಹೋಗಿ, ಅವಳೊಬ್ಬಳೇ ಇರುವಾಗ ಮಾತಾಡಿಸೋಣ. ಅವಳು ಏನು ಬಯಸುತ್ತಾಳೆಂದು ಮೊದಲು ಕೇಳೋಣ. ಪೊಲೀಸರು ಪಂಚನಾಮೆ ಬರೆಯುವ ಮೊದಲೇ ನಮ್ಮ ಸಂಘ ಅವಳ ಮನೆಬಾಗಿಲು ತಟ್ಟಲಿ.