ನಾಲ್ಕು ಚಕ್ರಕ್ಕೆ ಬಲವಿದ್ದರೆ ಸಾಲದು, ನೆಲಕ್ಕೂ ಬಲವಿರಬೇಕು

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಟ್ರ್ಯಾಕ್ಟರುಗಳು ಈಗ ನಮ್ಮ ಹಳ್ಳಿಗಳಲ್ಲಿ ಅಪರೂಪವೇನಲ್ಲ. ಮಲೆನಾಡಿನ ಕಾಫಿ, ಅಡಿಕೆ ಬೆಳೆಗಾರರಿಗಂತೂ ಫೋರ್ ವೀಲ್ ಜೀಪು ಹಳೆಯ ನಂಟು. ಇವನ್ನು ಕೊಳ್ಳುವಾಗ ಬಹುಮಂದಿ ಹೇಳುವ ಕಾರಣ ಒಂದೇ: "ಇದು ಎಲ್ಲಿಯೂ ಹೂತುಹೋಗುವುದಿಲ್ಲ." ಈ ನಂಬಿಕೆಯೇ ತೊಂದರೆಯ ಮೂಲ ಎಂಬುದು ನನ್ನ ಅಭಿಪ್ರಾಯ. ಎರಡು ಚಕ್ರಕ್ಕೆ ಬಲವಿರುವ ಗಾಡಿ ಹೊಲದ ಅಂಚಿನಲ್ಲಿ ಸಿಕ್ಕಿಬೀಳುತ್ತದೆ. ನಾಲ್ಕು ಚಕ್ರದ್ದು ಹೊಲದ ನಟ್ಟನಡುವೆ ಹೋಗಿ ಸಿಕ್ಕಿಬೀಳುತ್ತದೆ. ಎಳೆದು ತೆಗೆಯುವ ಕಷ್ಟ ಯಾವುದರಲ್ಲಿ ಹೆಚ್ಚೆಂಬುದನ್ನು ನೀವೇ ಯೋಚಿಸಿ.

ನಾಲ್ಕು ಚಕ್ರ ತಿರುಗಿದ ಮಾತ್ರಕ್ಕೆ ಗಾಡಿಯ ಭಾರ ಕಡಿಮೆಯಾಗುವುದಿಲ್ಲ. 50 ಅಶ್ವಶಕ್ತಿಯ ಇಂತಹ ಟ್ರ್ಯಾಕ್ಟರು 2 ಟನ್ನಿಗಿಂತ ಹೆಚ್ಚು ತೂಗುತ್ತದೆ. ಆ ಭಾರವನ್ನು ಹೊರಬೇಕಾದದ್ದು ಎಂಜಿನ್ ಅಲ್ಲ, ನೆಲ. ಎರೆ ಮಣ್ಣಿನಲ್ಲಿ ಜೇಡಿಯ ಅಂಶ ಅರ್ಧದಷ್ಟಿರುವುದೂ ಉಂಟು. ಅದು ನೀರು ಕುಡಿದು ಉಬ್ಬಿದಾಗ ಟಯರಿನ ಹಲ್ಲುಗಳ ಸಂದಿನಲ್ಲಿ ಮೆತ್ತಿಕೊಳ್ಳುತ್ತದೆ. ಹಲ್ಲು ತುಂಬಿದ ಟಯರು ಒನಕೆಯಂತೆ ನುಣುಪಾಗುತ್ತದೆ. ಆಮೇಲೆ ನಾಲ್ಕು ಚಕ್ರ ತಿರುಗಿದರೂ ನಾಲ್ಕು ಗುಂಡಿ ತೋಡಿದಂತೆಯೇ ಸರಿ. ಇನ್ನೊಂದು ವಿಷಯವನ್ನೂ ತಿಳಿದಿರಬೇಕು. ಡಿಫರೆನ್ಷಿಯಲ್ ಲಾಕ್ ಹಾಕದಿದ್ದಾಗ ಬಲವು ಸುಲಭವಾಗಿ ತಿರುಗುವ ಚಕ್ರದ ಕಡೆಗೇ ಹೋಗುತ್ತದೆ. ಆದುದರಿಂದ ಮುಂದೆ ಒಂದು, ಹಿಂದೆ ಒಂದು ಚಕ್ರ ಜಾರತೊಡಗಿದರೆ ಉಳಿದೆರಡು ಸುಮ್ಮನೆ ನಿಂತುಬಿಡುತ್ತವೆ. ಲಾಕನ್ನು ಕೆಸರಿಗೆ ಇಳಿಯುವ ಮುಂಚೆ, ನೇರವಾಗಿ ಹೋಗುವಾಗ ಮಾತ್ರ ಹಾಕಬೇಕು. ಚಕ್ರ ಜೋರಾಗಿ ಸುತ್ತುತ್ತಿರುವಾಗಲೂ ಗಾಡಿ ತಿರುಗಿಸುವಾಗಲೂ ಹಾಕಕೂಡದು. ಜೀಪಿನಲ್ಲಿ ಫೋರ್ ವೀಲ್ ಗೇರನ್ನೂ ಹೀಗೆಯೇ ಮೊದಲೇ ಹಾಕಿಕೊಂಡು, ತಗ್ಗಿನ ಗೇರಿನಲ್ಲಿ ಒಂದೇ ವೇಗದಲ್ಲಿ, ನಡುವೆ ಕ್ಲಚ್ ಒತ್ತದೆ ಸಾಗಬೇಕು.

ಎತ್ತುಗಳಿಗೆ ಈ ಪಾಠ ಹೇಳಬೇಕಾಗಿರಲಿಲ್ಲ. ಕಾಲು ಹೂಳುವ ಜಾಗ ಬಂದರೆ ಅವು ತಾವಾಗಿಯೇ ನಿಂತುಬಿಡುತ್ತಿದ್ದವು. ಯಂತ್ರಕ್ಕೆ ಆ ಬುದ್ಧಿ ಇಲ್ಲವಾದ್ದರಿಂದ ಹದ ನೋಡುವ ಕೆಲಸ ನಿಮ್ಮ ಮೇಲೆ ಬಿದ್ದಿದೆ. ಮೇಲ್ಮಣ್ಣು ಬಿಳಿಚಿದ್ದನ್ನು ಕಂಡು ಹೊಲ ಒಣಗಿತೆಂದು ತಿಳಿಯಬೇಡಿರಿ. ನೇಗಿಲು ಇಳಿಯುವ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಅಂಗೈಗಳ ನಡುವೆ ಹೊಸೆಯಿರಿ. 3 ಮಿಲಿಮೀಟರಿನಷ್ಟು ತೆಳ್ಳಗಿನ ಎಳೆಯಾಗಿಯೂ ಅದು ತುಂಡಾಗದಿದ್ದರೆ ಹೊಲ ಇನ್ನೂ ಹದಕ್ಕೆ ಬಂದಿಲ್ಲ. ಆಗ ಇಳಿದರೆ ಗಾಡಿ ಹೂಳದೇ ಇದ್ದರೂ ಮಣ್ಣು ಬಿಗಿದುಕೊಳ್ಳುತ್ತದೆ. ಬಿಗಿತದ ಹೆಚ್ಚಿನ ಪಾಲು ಚಕ್ರದ ಮೊದಲ ಓಡಾಟದಲ್ಲೇ ಆಗಿಬಿಡುತ್ತದೆ ಎಂಬುದನ್ನು ಮರೆಯಬಾರದು. ಫೋರ್ ವೀಲ್ ಇದೆಯೆಂದು ಒಂದು ದಿನ ಮುಂಚೆ ಇಳಿದವರು ಆ ದಿನದ ಲಾಭಕ್ಕಿಂತ ಹೆಚ್ಚಿನದನ್ನು ಮುಂದಿನ ಬೆಳೆಯ ಬೇರುಗಳಲ್ಲಿ ಕಳೆದುಕೊಳ್ಳುತ್ತಾರೆ.

ಭತ್ತದ ಗದ್ದೆಯ ಮಾತು ಬೇರೆ. ಅಲ್ಲಿ ಕೆಸರೇ ಬೇಕು. ಗಂಗಾವತಿ, ಸಿಂಧನೂರು ಕಡೆಯ ಎರೆ ಗದ್ದೆಗಳಲ್ಲಿ ಕೆಸರಿನ ತಳ ಎಲ್ಲಿ ಗಟ್ಟಿ, ಎಲ್ಲಿ ಮೆತು ಎಂಬುದು ಬೇಸಾಯ ಮಾಡುವವನಿಗೆ ಗೊತ್ತಿರುತ್ತದೆ, ಬಾಡಿಗೆಗೆ ಬಂದ ಚಾಲಕನಿಗೆ ಗೊತ್ತಿರುವುದಿಲ್ಲ. ಅಂತಹ ಜಾಗಕ್ಕೆ ಮೊದಲೇ ಒಂದು ಕೋಲು ನೆಟ್ಟು ತೋರಿಸುವುದು ಗದ್ದೆಯವನ ಕರ್ತವ್ಯ.

ಇಷ್ಟಾದರೂ ಗಾಡಿ ಹೂತಿತೆನ್ನಿ. ಆಗ ಮೊದಲು ಮಾಡಬೇಕಾದದ್ದು ಏನನ್ನೂ ಮಾಡದಿರುವುದು. ಮುಂದಕ್ಕೆ ಸರಿಯದೆ ಚಕ್ರ ಸುತ್ತತೊಡಗಿದ ಕ್ಷಣವೇ ಕಾಲು ತೆಗೆಯಿರಿ. ಇನ್ನೊಂದಿಷ್ಟು ರೇಸ್ ಕೊಟ್ಟರೆ ಬಂದೀತೆಂಬ ಆಸೆಯಲ್ಲಿ ಅಚ್ಚು ನೆಲ ಮುಟ್ಟುತ್ತದೆ. ಒಡಲು ನೆಲಕ್ಕೆ ಕೂತ ಮೇಲೆ ಚಕ್ರದ ಮೇಲೆ ಭಾರವೇ ಬೀಳುವುದಿಲ್ಲ, ಹಿಡಿತವೂ ಇರುವುದಿಲ್ಲ. ಟ್ರೇಲರ್ ಇದ್ದರೆ ಕಳಚಿರಿ. ರೋಟವೇಟರ್ ಇದ್ದರೆ ಅದಕ್ಕೆ ಹಾಯುವ ಬಲವನ್ನು ನಿಲ್ಲಿಸಿ ಮೇಲೆತ್ತಿರಿ. ಎತ್ತಿದ ಉಪಕರಣದ ಕೆಳಗೆ ಮಾತ್ರ ಯಾರೂ ಕೈಯಿಡಬಾರದು. ಬಳಿಕ ಹೊರಬರಲು ಬಂದ ದಾರಿಯೇ ಒಳ್ಳೆಯದು. ಮುಂದಿನ ನೆಲ ಹೇಗಿದೆಯೋ ಗೊತ್ತಿಲ್ಲ, ಹಿಂದಿನದು ಗಾಡಿಯನ್ನು ಒಮ್ಮೆ ಹೊತ್ತಿದೆ. ಆದುದರಿಂದ ಚಕ್ರದ ಹಿಂಬದಿಯ ಮಣ್ಣನ್ನು ಸಲಿಕೆಯಿಂದ ಇಳಿಜಾರಾಗಿ ತೆಗೆದು, ಒಡಲಿನ ಕೆಳಗಿನ ಕೆಸರನ್ನೂ ಬಿಡಿಸಿ, ಹಲ್ಲುಗಳ ಮಣ್ಣು ಕೆರೆದು, ಹಿಮ್ಮುಖ ಗೇರಿನಲ್ಲಿ ನಿಧಾನವಾಗಿ ಬನ್ನಿರಿ. ಚಕ್ರದಡಿಗೆ ಜಲ್ಲಿ, ಗೋಣಿಚೀಲ, ಮಲೆನಾಡಿನಲ್ಲಾದರೆ ಅಡಿಕೆ ದಬ್ಬೆ, ಯಾವುದಾದರೂ ಆದೀತು. ಜೀಪಿನ ಟಯರಿನಲ್ಲಿ ಗಾಳಿಯ ಮೂರನೆಯ ಒಂದು ಪಾಲು ಇಳಿಸಿದರೆ ಟಯರು ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ. ಜಾಕ್ ಕೊಡುವುದಿದ್ದರೆ ಅದರಡಿಗೆ ದಪ್ಪ ಹಲಗೆ ಇರಲಿ, ಇಲ್ಲವಾದರೆ ಗಾಡಿ ಏಳುವ ಬದಲು ಜಾಕೇ ಇಳಿಯುತ್ತದೆ. ಅರ್ಧ ಗಂಟೆ ಅಗೆಯುವುದು ಬೇಸರದ ಕೆಲಸ, ನಿಜ. ಆ ಬೇಸರಕ್ಕೆ ಹುಡುಕಿಕೊಂಡ ಅಡ್ಡದಾರಿಗಳೇ ಮನುಷ್ಯರನ್ನು ಕೊಲ್ಲುತ್ತಿವೆ.

ಅವುಗಳಲ್ಲಿ ಅತಿ ಕೆಟ್ಟದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳಿಗೆ ಅಡ್ಡಲಾಗಿ ತೊಲೆಯನ್ನು ಸರಪಳಿಯಿಂದ ಬಿಗಿದು ಮುಂದಕ್ಕೆ ಹೊಡೆಯುವ ಪದ್ಧತಿ. ಚಕ್ರ ತೊಲೆಯ ಮೇಲೆ ಹತ್ತಿ ಹೊರಬರುತ್ತದೆಂಬುದು ಲೆಕ್ಕ. ಕೆಲವೊಮ್ಮೆ ಹಾಗೆ ಬರುವುದೂ ಉಂಟು, ಅದರಿಂದಲೇ ಈ ಪದ್ಧತಿ ಉಳಿದುಕೊಂಡಿದೆ. ಆದರೆ ತೊಲೆ ಕೆಸರಿನಲ್ಲಿ ಕಚ್ಚಿ ಚಕ್ರ ಉರುಳಲಾಗದಿದ್ದರೆ ಎಂಜಿನ್ನಿನ ಬಲ ಸುಮ್ಮನಿರುವುದಿಲ್ಲ. ಅದು ಹಿಂದಿನ ಅಚ್ಚಿನ ಸುತ್ತ ಟ್ರ್ಯಾಕ್ಟರಿನ ಒಡಲನ್ನೇ ತಿರುಗಿಸುತ್ತದೆ. ಮೂತಿ ಮೇಲೆದ್ದು ಇಡೀ ಟ್ರ್ಯಾಕ್ಟರು ಹಿಮ್ಮೊಗವಾಗಿ ಚಾಲಕನ ಮೇಲೆ ಬೀಳಲು 2 ಸೆಕೆಂಡು ಸಹ ಬೇಡ. ಕ್ಲಚ್ ಒತ್ತಿ ನಿಲ್ಲಿಸುತ್ತೇನೆಂದು ಧೈರ್ಯ ಹೇಳುವವರಿದ್ದಾರೆ. ಮೂತಿ ಎದ್ದದ್ದು ಅರಿವಿಗೆ ಬರುವಷ್ಟರಲ್ಲಿ ಆ ಸಮಯ ಕಳೆದಿರುತ್ತದೆ. ಮುಂದಿನ ಚಕ್ರಕ್ಕೂ ಬಲವಿರುವ ಟ್ರ್ಯಾಕ್ಟರಿನ ಮೂತಿ ತುಸು ಭಾರವಾಗಿರುವುದು ಹೌದು, ಆದರೆ ಅದು ಇದಕ್ಕೆ ಹೊರತಲ್ಲ.

ಪಕ್ಕದ ಹೊಲದ ಟ್ರ್ಯಾಕ್ಟರನ್ನು ಕರೆದು ಎಳೆಸುವಾಗಲೂ ಇದೇ ಅಪಾಯವಿದೆ. ಆಗ ಉರುಳುವುದು ಹೂತ ಗಾಡಿಯಲ್ಲ, ನೆರವಿಗೆ ಬಂದದ್ದು. ಸರಪಳಿಯನ್ನು ಕೆಳಗಿನ ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಟಾಪ್ ಲಿಂಕಿಗಾಗಲಿ ಅಚ್ಚಿಗಾಗಲಿ ಕಟ್ಟಕೂಡದು. ಕಟ್ಟು ಎತ್ತರವಾದಷ್ಟೂ ಮೂತಿ ಏಳುವುದು ಸುಲಭವಾಗುತ್ತದೆ. ಸರಪಳಿ ಬಿಗಿಯಾಗುವವರೆಗೆ ಮೆಲ್ಲಗೆ ಸರಿದು, ಆಮೇಲೆ ಜಗ್ಗದೆ ಒಂದೇ ಸಮನೆ ಎಳೆಯಬೇಕು. ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗಿ ಬಲವನ್ನು ತುಂಬಿಕೊಳ್ಳುತ್ತದೆ. ಅದರ ತುದಿಯ ಕೊಕ್ಕೆ ಕಿತ್ತುಬಂದರೆ ಗುಂಡಿನಂತೆ ಹಾರುತ್ತದೆ. ನಮ್ಮಲ್ಲಿ ಗಾಡಿ ಹೂತರೆ ಊರೇ ಸುತ್ತ ನೆರೆಯುತ್ತದೆ, ಮಕ್ಕಳಂತೂ ಹಗ್ಗದ ಪಕ್ಕದಲ್ಲೇ ಇರುತ್ತಾರೆ. ಹಗ್ಗದ ಉದ್ದದ ಎರಡರಷ್ಟು ದೂರಕ್ಕೆ ಎಲ್ಲರನ್ನೂ ಕಳಿಸಿ, ಹಗ್ಗದ ನಡುವೆ ಒಂದು ಹಸಿ ಗೋಣಿಯನ್ನು ಹೊದಿಸಿದ ಮೇಲೆಯೇ ಎಳೆಯಲು ಹೇಳಿರಿ.

ತೊಲೆ ಕಟ್ಟುವವನು ಬಹುಪಾಲು ಟ್ರ್ಯಾಕ್ಟರಿನ ಯಜಮಾನನಲ್ಲ, ಕೂಲಿಯ ಚಾಲಕ ಎಂಬುದು ಕಹಿಯಾದರೂ ಹೇಳಲೇಬೇಕಾದ ಮಾತು. ಬೆಳಗಾವಿ, ಬಾಗಲಕೋಟೆ ಕಡೆಗಳಲ್ಲಿ ಹಿಂಗಾರಿನ ಮಳೆ ಆರುವ ಮುಂಚೆಯೇ ಕಬ್ಬಿನ ಕಟಾವು ಶುರುವಾಗುತ್ತದೆ. ತುಂಬಿದ ಟ್ರೇಲರು ಎರೆ ಹೊಲದಲ್ಲಿ ಕೂತಾಗ ಕಾರ್ಖಾನೆಯ ಸರದಿ ತಪ್ಪುವ ಆತುರ ಯಜಮಾನನದು, ಟ್ರ್ಯಾಕ್ಟರಿನ ಮೇಲೆ ಕೂರುವ ಜೀವ ಚಾಲಕನದು. "ಹೊಡಿ, ಬರುತ್ತೆ" ಎಂದು ಬದುವಿನ ಮೇಲೆ ನಿಂತು ಹೇಳುವುದು ಸುಲಭ. ಹದವಿಲ್ಲದ ಹೊಲಕ್ಕೆ ಇಳಿಯುವುದಿಲ್ಲ, ತೊಲೆ ಕಟ್ಟುವುದಿಲ್ಲ ಎನ್ನುವ ಹಕ್ಕನ್ನು ಚಾಲಕನಿಗೆ ಕೊಡಿರಿ. ಹೂತಾಗ ಅಗೆಯುವ ಹೊತ್ತಿಗೂ ಕೂಲಿ ಸಿಗುತ್ತದೆಂದು ಬೆಳಿಗ್ಗೆಯೇ ಹೇಳಿಬಿಡಿರಿ. ಲೋಡನ್ನು ಅರ್ಧ ಇಳಿಸಿ ಎರಡು ಸಲ ಸಾಗಿಸಲು ತಗಲುವ ಡೀಸೆಲ್ ಖರ್ಚನ್ನು ನಷ್ಟವೆಂದು ಬರೆಯಬೇಡಿರಿ. ಉರುಳು ರಕ್ಷಣೆಯ ಕಬ್ಬಿಣದ ಚೌಕಟ್ಟಿರುವ ಟ್ರ್ಯಾಕ್ಟರಾದರೆ ಸೀಟಿನ ಬೆಲ್ಟನ್ನು ಕಟ್ಟಿಸಿರಿ. ಬೆಲ್ಟಿಲ್ಲದೆ ಆ ಚೌಕಟ್ಟಿನ ಪ್ರಯೋಜನ ಕಡಿಮೆಯಾಗುತ್ತದೆ.

ಗಾಡಿ ಹೊರಬಂದ ಮೇಲೆ ಟಯರಿಗೆ ಮತ್ತೆ ಗಾಳಿ ತುಂಬಿ, ಗಟ್ಟಿ ರಸ್ತೆಗೆ ಬರುವ ಮುಂಚೆ ಲಾಕನ್ನೂ ಫೋರ್ ವೀಲನ್ನೂ ಬಿಡಿಸಿ, ನಾಲ್ಕಾರು ಸಲ ಬ್ರೇಕ್ ಒತ್ತಿ ಹಿಡಿಯುತ್ತದೆಯೇ ನೋಡಿಕೊಳ್ಳಿರಿ. ಹೊಲದಲ್ಲಾದ ಗುಂಡಿಯನ್ನು ಹಸಿಯಲ್ಲೇ ಮುಚ್ಚಬೇಡಿರಿ. ಅದು ಪೂರ್ತಿ ಒಣಗಿ ಬಿರಿದ ಮೇಲೆ ತಳವನ್ನು ಹಾರೆಯಿಂದ ಒಡೆದು ಮಣ್ಣು ತುಂಬಿರಿ.