ಸುಬುಹಿ ಮುಗಿಸಿ ಹತ್ತಲಿಕ್ಕೆ ಒಂದು ರೈಲು ಬೇಕು

ಹಾಸನ, ಆಲೂರು, ಸಕಲೇಶಪುರದ ಬ್ಯಾರಿ ಮನೆಗಳಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಬರುವ ಮಾತು, "ಮಂಗಳೂರಿಗೇ ಕರ್ಕೊಂಡು ಹೋಗುವ." ನಮಗೆ ಇಲ್ಲಿ ವ್ಯಾಪಾರ, ಕೆಲಸ. ಕುಟುಂಬದವರು ಪುತ್ತೂರು, ಬಂಟ್ವಾಳದಲ್ಲಿ. ಮದುವೆಗೂ ಮಯ್ಯತ್ತಿಗೂ ಘಾಟಿ ಇಳಿಯಲೇಬೇಕು. ಇಳಿಯಲಿಕ್ಕೆ ಹಳಿ ಉಂಟು, ನಮ್ಮ ಹೊತ್ತಿಗೆ ರೈಲು ಇಲ್ಲ.

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಬ್ರಾಡ್ ಗೇಜ್ ಮಾಡಲು ತೊಂಬತ್ತರ ದಶಕದಲ್ಲಿ ಮುಚ್ಚಿದರು. ಮತ್ತೆ ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. 2017ರಲ್ಲಿ ಚನ್ನರಾಯಪಟ್ಟಣದ ದಾರಿಯಾಗಿ ಬೆಂಗಳೂರಿಗೂ ನೇರ ಸಂಪರ್ಕ ಆಯಿತು. ಆದರೆ ಈಗಿನ ವೇಳಾಪಟ್ಟಿ ಬೆಂಗಳೂರಿನವರ ಅನುಕೂಲಕ್ಕೆ ಮಾಡಿದ್ದು. ಬೆಳಿಗ್ಗೆ ಅಲ್ಲಿಂದ ಹೊರಟ ರೈಲು ಮಂಗಳೂರು ಮುಟ್ಟುವಾಗ ಸಂಜೆ, ಡಾಕ್ಟರ್ ಎದ್ದು ಹೋಗಿರುತ್ತಾರೆ. ರಾತ್ರಿ ರೈಲಿಗಾದರೆ ರೋಗಿಯನ್ನೂ ಮಕ್ಕಳನ್ನೂ ಕಟ್ಟಿಕೊಂಡು ನಡುರಾತ್ರಿ ಸಕಲೇಶಪುರದ ಪ್ಲಾಟ್‌ಫಾರಂನಲ್ಲಿ ಚಳಿಗೆ ಕೂರಬೇಕು. ಅರಕಲಗೂಡಿಗೆ ರೈಲೇ ಇಲ್ಲ, ಅವರು ಹಾಸನಕ್ಕೆ ಬಸ್ಸಿನಲ್ಲಿ ಬರಬೇಕು.

ರೈಲ್ವೆಯ ಕಷ್ಟವನ್ನೂ ನಾವು ಒಪ್ಪುತ್ತೇವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿ.ಮೀ., 57 ಸುರಂಗ, ಒಂಟಿ ಹಳಿ. ಐವತ್ತು ಮೀಟರ್ ಹೋದರೆ ಒಂದು ಮೀಟರ್ ಏರುವ ಕಡಿದಾದ ದಾರಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳ ಮುಖ್ಯ ಕೆಲಸವೇ ಎದುರು ಬರುವ ಗಾಡಿಗೆ ದಾರಿ ಬಿಡುವುದು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಜರಿದಾಗ ಮಳೆಯಲ್ಲೇ ನಿಂತು ಹಳಿ ಸರಿ ಮಾಡಿದ ಕಾರ್ಮಿಕರನ್ನು ಮರೆಯುವಂತಿಲ್ಲ. 2025ರಲ್ಲಿ ವಿದ್ಯುದೀಕರಣದ ಕೆಲಸಕ್ಕಾಗಿ ಹಗಲು ರೈಲು ತಿಂಗಳುಗಟ್ಟಲೆ ನಿಂತಾಗಲೂ ನಾವು ತಾಳಿದೆವು.

ಈಗ ಕೇಳುವುದು ಒಂದೇ. ಸುಬುಹಿ ನಮಾಝ್ ಮುಗಿಯುವ ಹೊತ್ತಿಗೆ ಹಾಸನ ಬಿಟ್ಟು, ಮಧ್ಯಾಹ್ನದೊಳಗೆ ಮಂಗಳೂರು ಮುಟ್ಟಿ, ಸಂಜೆ ಹಿಂದೆ ಬರುವ ಒಂದು ಸಾಮಾನ್ಯ ಪ್ಯಾಸೆಂಜರ್. ಮಂಗಳೂರಿನಿಂದ ಸುಬ್ರಹ್ಮಣ್ಯ ರೋಡ್ ತನಕ ಪ್ಯಾಸೆಂಜರ್ ಓಡುತ್ತದೆ. ಹಾಸನದಿಂದ ಅರಸೀಕೆರೆಗೂ, ಹೊಳೆನರಸೀಪುರದ ಮೇಲೆ ಮೈಸೂರಿಗೂ ಉಂಟು. ಕೊಂಡಿ ತಪ್ಪಿದ್ದು ಘಾಟಿಯಲ್ಲಿ ಮಾತ್ರ.

ಕೇಳುವಾಗ ಬಾಗಿಲು ಎರಡು ಎಂಬುದು ನೆನಪಿರಲಿ. ಪಡೀಲಿನ ತನಕ ಮೈಸೂರು ವಿಭಾಗ, ಮಂಗಳೂರಿನ ನಿಲ್ದಾಣಗಳು ಪಾಲಕ್ಕಾಡ್ ವಿಭಾಗ. ಒಂದು ಕಡೆ ಅರ್ಜಿ ಕೊಟ್ಟರೆ ಇನ್ನೊಂದು ಕಡೆ ಪ್ಲಾಟ್‌ಫಾರಂ ಇಲ್ಲ ಅಂದಾರು. ಅರ್ಜಿ ಎರಡಕ್ಕೂ ಹೋಗಬೇಕು, ಸಂಸದರಿಗೂ ಒಂದು ಪ್ರತಿ.

ನಮ್ಮಲ್ಲೂ ತಪ್ಪುಂಟು. ಕಷ್ಟ ಬಂದಾಗ ಸಾಲ ಮಾಡಿಯಾದರೂ ಕಾರು ಹಿಡಿಯುತ್ತೇವೆ, ಊರು ಸೇರಿದ ಮೇಲೆ ಮರೆಯುತ್ತೇವೆ. ಜುಮಾ ಮುಗಿದ ಮೇಲೆ ಹತ್ತು ನಿಮಿಷ ಕೂತು ಜಮಾಅತ್‌ನವರು ಸಹಿ ಹಾಕಲಿ. ಪಕ್ಕದ ಮನೆಯ ಗೌಡರನ್ನೂ ತೋಟದ ಕಾರ್ಮಿಕರನ್ನೂ ಸೇರಿಸಿಕೊಳ್ಳಲಿ. ಘಾಟಿಯ ಕಷ್ಟ ಅವರಿಗೂ ನಮಗೂ ಒಂದೇ.